ಮೂರು ಸಲ ಕೇಳಿದ ಬೆಲ್ಲ

ಅತ್ತೆ ಮೂರು ಸಲ ಬೆಲ್ಲ ಕೇಳಿದರು. ಮೂರು ಸಲವೂ ನಾನು ಇಲ್ಲ ಎಂದೆ.

ಹೀಗೆ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ಮೂರು ಎಂಬುದು ಕತೆಗಳಲ್ಲಿ ಬರುವ ಸಂಖ್ಯೆ. ಎರಡು ಸಲ ಇದ್ದಿರಬಹುದು, ನಾಲ್ಕೂ ಇದ್ದಿರಬಹುದು. ನೆನಪು ತನಗೆ ಬೇಕಾದ ಸಂಖ್ಯೆಯನ್ನು ಆರಿಸಿಕೊಂಡು, ಅದನ್ನು ನಾನೇ ಎಣಿಸಿದ್ದು ಎಂದು ನಂಬಿಸುತ್ತದೆ. ಆದರೆ ಇಲ್ಲ ಎಂದದ್ದು ಖಚಿತ. ಆ ಹೊತ್ತಿಗೆ ಅವರ ಮೈಯಲ್ಲಿ ಸಕ್ಕರೆ ತಳ ಕಂಡಿತ್ತು. ಕಾರ್ಬೋಹೈಡ್ರೇಟುಗಳ ಪಾಠವನ್ನು ಹದಿನಾಲ್ಕು ವರ್ಷ ಕಲಿಸಿದವಳು ಎದುರಿಗೇ ಕೂತಿದ್ದೆ.

ನಾನು ರಾಣೆಬೆನ್ನೂರಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಗಂಡ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಮೇಲ್ವಿಚಾರಕ. ಅತ್ತೆ ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ಕಾಯಿ ಆರಿಸುವ ಹೆಂಗಸರ ಜೊತೆ ಕೂತು ಕೆಲಸ ಮಾಡಿದವರು. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಒತ್ತಿ, ಇದು ಈ ವರ್ಷದ ಕಾಯಿ, ಇದು ಸ್ಟೋರೇಜಿನಿಂದ ಬಂದದ್ದು ಎಂದು ಹೇಳಬಲ್ಲರು. ಘಾಟಿಗೆ ಅವರು ಸೀನಿದ್ದನ್ನು ನಾನು ನೋಡಿಲ್ಲ. ಈ ಮಾತನ್ನು ನೆನಪಿಡಬೇಕು. ಆ ದಿನ ನಾನು ನೆನಪಿಡಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗಿನಿಂದ ನಾನು ಮನೆಯ ಪೊಲೀಸ್ ಆಗಿದ್ದೆ. ಅಕ್ಕಿ ಡಬ್ಬಿಯ ತಳದಲ್ಲಿ ಬೆಲ್ಲದ ಅಚ್ಚು ಸಿಕ್ಕಿತು. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಹಿಂದೆ, ಪೆಪ್ಪರಮಿಂಟು ಸಿಕ್ಕಿತು. ಕೊನೆಗೆ ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ಹಂಚಿಬಿಟ್ಟು, ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಯ ಖಾಲಾ ಹತ್ತಿರ ಇಟ್ಟೆ. ಖಾಲಾ ಎಂದು ನಾನು ಕರೆಯುವ ಈ ಹಿರಿಯ ಮುಸ್ಲಿಂ ಹೆಂಗಸು ಅತ್ತೆಯ ಜೊತೆ ಅದೇ ಮಾರುಕಟ್ಟೆಯಲ್ಲಿ ಕಾಯಿ ಆರಿಸಿದವರು. ನಮ್ಮ ಎರಡೂ ಮನೆಗೆ ನಡುವೆ ಒಂದೇ ಗೋಡೆ. ದಿನಾ ಬೆಳಿಗ್ಗೆ ಗಂಡನ ಚಹಾಕ್ಕೆ ಬೇಕಾದಷ್ಟು ಸಕ್ಕರೆಯನ್ನು ಬಟ್ಟಲಿನಲ್ಲಿ ತರುತ್ತಿದ್ದೆ.

ಅತ್ತೆ ಇದನ್ನು ಓಣಿಗೆಲ್ಲ ಸಾರಿದರು. "ನಮ್ಮನಿ ಸಕ್ಕರಿ ಬಾಣಂತನಕ್ಕ ಹೋಗೇತ್ರಿ. ಯಾವಾಗ ತಿರುಗಿ ಬರತೈತೋ ನಮ್ಮ ಅಕ್ಕಾವ್ರನ್ನ ಕೇಳ್ರಿ."

ಅಕ್ಕಾವ್ರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು. ಸೊಸೆಯನ್ನು ಹಾಗೆ ಕರೆಯುವುದರಲ್ಲಿ ಮರ್ಯಾದೆ ಎಷ್ಟು, ಚುಚ್ಚು ಎಷ್ಟು ಎಂದು ಅಳೆಯುವ ಸಾಧನ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ.

ಸಕ್ಕರೆ ಮುಗಿಸಿ ನಾನು ರೊಟ್ಟಿಗೆ ಕೈ ಹಾಕಿದೆ. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಎಂಬುದು ಇಲ್ಲಿಯ ಎಲ್ಲರ ನಂಬಿಕೆ. ಅತ್ತೆ ಮೂರು ರೊಟ್ಟಿ ತಿನ್ನುತ್ತಿದ್ದರು. ಒಂದೂವರೆಗೆ ಇಳಿಸಿದೆ.

"ರೊಟ್ಟಿನೂ ಸಕ್ಕರಿನ ಅದ ರಿ," ಎಂದೆ.

"ಹಂಗಾರ ಹೊಲದಾಗ ಸಕ್ಕರಿ ಬಿತ್ತತಾರೇನು?"

"ಹೌದ್ರಿ. ಗ್ಲೂಕೋಸಿನ ಕಣ ಒಂದಕ್ಕೊಂದು ಕೈ ಹಿಡಕೊಂಡು ಉದ್ದಕ ಸಾಲಾಗಿ ನಿಂತಿರ್ತಾವು. ಸಾಲಿನಾಗ ಇದ್ದಾಗ ಸಿಹಿ ಗೊತ್ತಾಗಂಗಿಲ್ಲ. ಹೊಟ್ಟ್ಯಾಗ ಹೋಗಿ ಒಂದೊಂದ ಕೈ ಬಿಡಿಸಿದಂಗ ಸಕ್ಕರಿ ಆಗತಾವು."

"ಕಣಿಕಿ? ಅದರಾಗೂ ಐತೇನು?"

"ಜ್ವಾಳದ ದಂಟಿನಾಗೂ ಅದ ಗ್ಲೂಕೋಸು. ಕೈ ಹಿಡಿಯೂ ರೀತಿ ಬ್ಯಾರೆ. ನಮ್ಮ ಹೊಟ್ಟಿಗೆ ಬಿಡಸಾಕ ಬರಂಗಿಲ್ಲ. ಎಮ್ಮಿ ಹೊಟ್ಟ್ಯಾಗಿನ ಸಣ್ಣ ಹುಳಕ್ಕ ಬರತೈತಿ."

ಅತ್ತೆ ಯೋಚಿಸಿದಂತೆ ಮಾಡಿದರು. "ಹಂಗಾರ ಎಮ್ಮಿಗೂ ಎರಡು ಗುಳಗಿ ಬರಕೊಡು."

ನಾನು ನಕ್ಕೆ. ಆದರೆ ರೊಟ್ಟಿ ಒಂದೂವರೆಯೇ ಉಳಿಯಿತು.

ಅವರ ಸೋಮವಾರದ ಉಪವಾಸವನ್ನೂ ನಿಲ್ಲಿಸಿದ್ದೆ. ಮದುವೆಯಾದಾಗಿನಿಂದ ಹಿಡಿದುಕೊಂಡು ಬಂದ ಒಪ್ಪತ್ತು ಅದು. ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟು ಏನೂ ಇಲ್ಲ. ಇನ್ನು ಮಾಡುವಂತಿಲ್ಲ ಎಂದಾಗ ಅವರು ವಾದಿಸಲಿಲ್ಲ. ಆತು ಬಿಡು ಎಂದರು. ಅವರು ವಾದಿಸದೆ ಒಪ್ಪಿದ್ದೇ ನನಗೆ ವಿಚಿತ್ರ ಅನ್ನಿಸಬೇಕಿತ್ತು.

*

ಒಂದು ಶನಿವಾರ ಗಂಡನೂ ನಾನೂ ಅತ್ತೆಯನ್ನು ಹಾವೇರಿಗೆ ಕರೆದುಕೊಂಡು ಹೋದಾಗ ವೈದ್ಯರು ಗುಳಿಗೆ ಬದಲಿಸಿದರು. ಅವರ ಕೋಣೆಯ ನೆನಪು ನನ್ನಲ್ಲಿ ಚೂರುಚೂರಾಗಿದೆ. ಟೇಬಲ್ ಮೇಲೆ ಮೂತ್ರಪಿಂಡದ ಪ್ಲಾಸ್ಟಿಕ್ ಮಾದರಿ. ಅತ್ತೆ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ್ದು. ಬಸ್ಸಿನ ಹೊತ್ತಾಯಿತೆಂದು ನಾನು ಫೋನಿನಲ್ಲಿ ಗಂಟೆ ನೋಡಿದ್ದು. ವೈದ್ಯರು ಹೇಳಿದ ಮಾತಿನಲ್ಲಿ ಒಂದು ತುಣುಕು ಉಳಿದಿದೆ: "ಇದು ಸ್ವಲ್ಪ ಜೋರು ಐತಿ. ತಗೊಂಡ ಅರ್ಧ ತಾಸಿನಾಗ ಊಟ ಆಗಬೇಕು." ಅದರ ಮುಂದೆ ಅವರ ಬಾಯಿ ಅಲುಗಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ.

ಸೋಮವಾರ ನಾನು ರಜೆ ಹಾಕಿದ್ದೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಅತ್ತೆಯ ಅಂಗೈಯಲ್ಲಿ ಹೊಸ ಗುಳಿಗೆ ಇಟ್ಟೆ. ಎದುರಿಗೇ ನುಂಗಿದರು. ತಟ್ಟೆಯಲ್ಲಿ ಒಂದೂವರೆ ರೊಟ್ಟಿ, ಹೆಸರುಕಾಳಿನ ಪಲ್ಯ ಕೊಟ್ಟು ಸ್ನಾನಕ್ಕೆ ಹೋದೆ. ಬಂದಾಗ ತಟ್ಟೆ ತೊಳೆದು ಬೋರಲು ಹಾಕಿತ್ತು.

"ಉಂಡ್ರೇನ್ರಿ?"

"ಉಂಡ್ನಿ. ಇನ್ನ ಬಾಯಿ ತಗದು ತೋರಸಲೇನು?"

ಹನ್ನೊಂದರ ಹೊತ್ತಿಗೆ ಪಡಸಾಲೆಯಲ್ಲಿ ಇಬ್ಬರೇ ಇದ್ದೆವು. ಅವರು ವರ್ಷದ ಖಾರದ ಪುಡಿಗೆಂದು ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಾನು ಬಾಗಿಲ ಬೆಳಕಿಗೆ ಕೂತು ಪತ್ರಿಕೆ ನೋಡುತ್ತಿದ್ದೆ. ಪಿಷ್ಟಕ್ಕೂ ಸೆಲ್ಯುಲೋಸಿಗೂ ಇರುವ ವ್ಯತ್ಯಾಸ ಬರೆಯಿರಿ. ಒಬ್ಬಳು ಎರಡನ್ನೂ ಅದಲು ಬದಲು ಮಾಡಿ, ಮನುಷ್ಯ ಸೆಲ್ಯುಲೋಸ್ ತಿಂದು ಬದುಕುತ್ತಾನೆ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆದೆ.

"ಯವ್ವಾ, ಖಾರ ಹತ್ತೇತಿ," ಎಂದರು ಅತ್ತೆ. "ಒಂದ್ ಚೂರು ಬೆಲ್ಲ ಕೊಡು."

ಖಾರ ಹತ್ತಿದರೆ ಬಾಯಿಗೆ ಬೆಲ್ಲ ಹಾಕಿಕೊಳ್ಳುವುದು ಈ ಊರಿನ ಪದ್ಧತಿ. ಆರಿಸುವ ಹೆಂಗಸರ ಸೆರಗಿನ ತುದಿಯಲ್ಲಿ ಒಂದು ಚೂರು ಕಟ್ಟಿಕೊಂಡಿರುವುದನ್ನು ಈಗಲೂ ನೋಡಬಹುದು. ನಾನು ತಲೆ ಎತ್ತಿ ನೋಡಿದೆ. ಅವರ ಹಣೆ, ಮೇಲ್ದುಟಿ, ಕುತ್ತಿಗೆಯ ಮಡಿಕೆಗಳಲ್ಲಿ ಬೆವರು. ಬ್ಯಾಡಗಿಯಲ್ಲಿ ಹೆಂಗಸೊಬ್ಬಳು ಬೆವರುತ್ತಿದ್ದರೆ, ಕಣ್ಣೀರು ಒರೆಸುತ್ತಿದ್ದರೆ ಏಕೆಂದು ಯಾರೂ ಕೇಳುವುದಿಲ್ಲ. ಪಕ್ಕದಲ್ಲಿ ಕಾಯಿ ಇದೆಯೇ ಎಂದು ನೋಡುತ್ತಾರೆ. ನಾನೂ ನೋಡಿದೆ. ಇತ್ತು.

"ಬೆಲ್ಲ ಇಲ್ರಿ. ಮಜ್ಜಿಗಿ ಕೊಡಲೇನು?"

"ಮಜ್ಜಿಗಿ ಒಲ್ಲೆ."

ಇಷ್ಟು ಮೊದಲನೆಯ ಸಲ. ಎರಡನೆಯದು ಯಾವಾಗ ಎಂದು ಹೇಳಲಾರೆ. ನಡುವೆ ಮೂರು ಪತ್ರಿಕೆ ತಿದ್ದಿದ್ದೇನೆ, ಅದು ಗೊತ್ತು. ಆಮೇಲೆ ತೆಗೆದು ನೋಡಿದಾಗ ಆ ಮೂರರಲ್ಲಿ ಅಂಕ ಕೂಡಿಸಿದ್ದು ತಪ್ಪಾಗಿತ್ತು. ಬಹುಶಃ ನಾನು ಒಳಗೊಳಗೇ ಅವರನ್ನೇ ಗಮನಿಸುತ್ತಿದ್ದೆ. ಬಹುಶಃ ಇದು ನಾನು ನನಗೆ ಕೊಟ್ಟುಕೊಳ್ಳುವ ರಿಯಾಯಿತಿ.

"ಬೆಲ್ಲ ಕೊಡು ಅಂದ್ನೆಲ್ಲ," ಎಂದರು. ಈ ಸಲ ದನಿಯಲ್ಲಿ ಸಿಟ್ಟು. ಅವರ ಸಿಟ್ಟಿಗೆ ಯಾವಾಗಲೂ ಒಂದು ಚಂದದ ಮಾತಿನ ತೊಡಿಗೆ ಇರುತ್ತಿತ್ತು. ಇದು ಬರಿಮೈಯ ಸಿಟ್ಟು.

"ಬೆಲ್ಲಕ್ಕೂ ಸಕ್ಕರಿಗೂ ಫರಕ್ ಇಲ್ರಿ. ಎರಡೂ ಅದ ಸುಕ್ರೋಸು. ಈಗ ತಿಂದ್ರ ಎಷ್ಟು ಏರತೈತಿ ಗೊತ್ತೇನು? ತಡೀರಿ, ಚೆಕ್ ಮಾಡಿ ತೋರಸ್ತೇನಿ."

ಸಕ್ಕರೆ ಅಳೆಯುವ ಯಂತ್ರ ತಂದೆ. ಎಷ್ಟು ಹೆಚ್ಚಿದೆ ಎಂದು ತೋರಿಸಿ ಬಾಯಿ ಮುಚ್ಚಿಸುವುದು ನನ್ನ ಉದ್ದೇಶ. ಕಡಿಮೆ ಇರಬಹುದು ಎಂಬುದು ತಲೆಯಲ್ಲೇ ಇರಲಿಲ್ಲ. ಬೆರಳು ಹಿಡಿದೆ. ತಣ್ಣಗಿತ್ತು, ನಡುಗುತ್ತಿತ್ತು. ಅವರು ಕೈ ಕಿತ್ತುಕೊಂಡರು.

"ಸೋಮವಾರ ರಕ್ತ ತಗೀಬ್ಯಾಡ!"

ಹಟ ಎಂದುಕೊಂಡೆ. ಅಡುಗೆ ಮನೆಗೆ ಹೋಗಿ ಅರ್ಧ ರೊಟ್ಟಿ ತಂದು ಕೈಗಿಟ್ಟೆ. ಕಳೆದ ಶುಕ್ರವಾರವಷ್ಟೇ ತರಗತಿಯಲ್ಲಿ ಮಕ್ಕಳಿಗೆ ಒಂದೊಂದು ತುಣುಕು ರೊಟ್ಟಿ ಕೊಟ್ಟು, ನುಂಗದೆ ಅಗಿಯುತ್ತಲೇ ಇರಿ ಎಂದಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನಾಲಿಗೆಗೆ ಸಣ್ಣ ಸಿಹಿ ಬರುತ್ತದೆ. ಎಂಜಲಿನಲ್ಲಿರುವ ಕಿಣ್ವ ಪಿಷ್ಟದ ಸರಪಳಿಯನ್ನು ತುಂಡರಿಸುವುದಕ್ಕೆ ಅದು ಗುರುತು. ಅಗಿಯದ ರೊಟ್ಟಿಗೆ ಅಯೋಡಿನ್ ಹಾಕಿದರೆ ಕಪ್ಪುನೀಲಿ. ಅಗಿದದ್ದಕ್ಕೆ ಹಾಕಿದರೆ ಬಣ್ಣ ಮಸುಕು. ಮಕ್ಕಳು ಚಪ್ಪಾಳೆ ತಟ್ಟಿದ್ದರು.

"ಇದನ್ನ ಅಗೀರಿ. ಇದೂ ಸಕ್ಕರಿನ. ಬಾಯಿಗೆ ಸಿಹಿ ಆಗತೈತಿ."

ಅವರು ರೊಟ್ಟಿ ಮುರಿದು ಬಾಯಿಗಿಟ್ಟರು. ಅಗಿಯಲಿಲ್ಲ. ನನ್ನನ್ನು ನೋಡಿದರು. ಗುರುತು ಹತ್ತದವರನ್ನು ನೋಡುವ ಹಾಗೆ.

"ಬೆಲ್ಲ," ಎಂದರು. ಅದು ಕೇಳಿದ್ದೋ, ಬರಿ ಹೆಸರು ಹೇಳಿದ್ದೋ.

"ಇಲ್ರಿ ಅಂದ್ನೆಲ್ಲ."

ಆಗ ಅವರು ಮೆಣಸಿನಕಾಯಿ ರಾಶಿಯ ಮೇಲೆ, ಎಡಗಡೆಗೆ, ನಿಧಾನವಾಗಿ ವಾಲಿದರು. ಒಣಗಿದ ಕಾಯಿ ಪುಟಪುಟ ಒಡೆಯುವ ಶಬ್ದ ಬಂತು. ಅದೊಂದು ಶಬ್ದವನ್ನು ಮಾತ್ರ ನಾನು ಅನುಮಾನಿಸುವುದಿಲ್ಲ.

ಆ ಕ್ಷಣದಲ್ಲಿ ಕಂಡದ್ದು ಇದು: ಕಾಯಿ ನನ್ನ ಮುಂದೆಯೂ ಇತ್ತು, ನಾನು ಬೆವರಿರಲಿಲ್ಲ. ಅದು ಕಡ್ಡಿ ಕಾಯಿ. ಬಣ್ಣ ಬಹಳ, ಖಾರ ಕಡಿಮೆ. ನನ್ನ ಮೂಗು ಕೂಡ ಸೋರುತ್ತಿರಲಿಲ್ಲ. ಮೂವತ್ತು ವರ್ಷ ಘಾಟಿನಲ್ಲಿ ಕೂತವರಿಗೆ ಈ ಕಾಯಿ ಖಾರ ಹತ್ತಿತು ಎಂದು ನಾನು ನಂಬಿದ್ದೆ. ಅವರೂ ನಂಬಿದ್ದರು.

*

ಗಂಡನಿಗೆ ಫೋನ್ ಹಚ್ಚಿದೆ. ಕೋಲ್ಡ್ ಸ್ಟೋರೇಜಿನ ಒಳಕೋಣೆಯಲ್ಲಿ ಫೋನ್ ಸಿಗುವುದಿಲ್ಲ. ಓಡಿ ಹೋಗಿ ಖಾಲಾನ ಬಾಗಿಲು ಬಡಿದೆ.

"ಖಾಲಾ, ಆಟೋ ಕರೀರಿ, ಅತ್ತಿ ಬಿದ್ದಾರ!"

ಖಾಲಾ ಹಿತ್ತಲಲ್ಲಿ ಆಡಿಗೆ ನೀರು ಇಡುತ್ತಿದ್ದರು. ಬಂದು ಪಡಸಾಲೆಯ ಹೊಸ್ತಿಲಲ್ಲಿ ನಿಂತು ಒಂದು ಸಲ ಅತ್ತೆಯನ್ನು, ಒಂದು ಸಲ ನನ್ನನ್ನು ನೋಡಿದರು.

"ಬೆವತಿದ್ರೇನು?"

"ಹೌದು. ಖಾರ ಹತ್ತೇತಿ ಅಂದ್ರು."

"ಗುಳಗಿ ಕೊಟ್ಟೀಯೇನು ಮುಂಜಾನೆ?"

"ಕೊಟ್ಟೇನಿ. ಹೊಸಾದು."

"ಯಾ ಅಲ್ಲಾ! ಇವತ್ತ ಸೋಮವಾರ! ಆಕಿ ಉಂಡಿಲ್ಲ ಯವ್ವಾ. ಆಕಿ ರೊಟ್ಟಿ ನಮ್ಮ ಆಡು ತಿಂದೇತಿ. ಸೋಮವಾರಕ್ಕೊಮ್ಮೆ ನಮ್ಮ ಆಡಿಗೇ ಕೊಡ್ತಾಳ."

ನನಗೆ ಹೇಳಬೇಡ ಎಂದು ಅತ್ತೆ ಅವರಿಂದ ಆಣೆ ಹಾಕಿಸಿಕೊಂಡಿದ್ದರಂತೆ. ಹಳೆಯ ಗುಳಿಗೆ ಸೌಮ್ಯವಾಗಿತ್ತು. ಹೊಟ್ಟೆ ಖಾಲಿ ಇದ್ದರೂ ಬಿಟ್ಟುಕೊಡುತ್ತಿತ್ತು. ಹೊಸದು ಹಾಗಲ್ಲ. ಊಟದಿಂದ ಸಕ್ಕರೆ ಬರುತ್ತದೆಂದು ನಂಬಿ ಇದ್ದದ್ದನ್ನೂ ರಕ್ತದಿಂದ ಹೊರಗೆ ಕಳಿಸುತ್ತಿತ್ತು. ಬರಬೇಕಾದದ್ದು ಆಡಿನ ಹೊಟ್ಟೆಯಲ್ಲಿತ್ತು.

ಖಾಲಾ ಆಗಲೇ ತಿರುಗಿ ತಮ್ಮ ಮನೆಗೆ ಓಡಿದ್ದರು. ಬಂದದ್ದು ನಮ್ಮ ಸಕ್ಕರೆ ಡಬ್ಬಿಯ ಜೊತೆ. "ನಮ್ಮ ಮನ್ಯಾವ್ರಿಗೆ ರಂಜಾನ್ ರೋಜಾದಾಗ ಹಿಂಗ ಆಗಿತ್ತು," ಎನ್ನುತ್ತ ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿದರು. ಬೆರಳು ಹಾಕಿ ಬಾಯೊಳಗಿಂದ ರೊಟ್ಟಿಯ ತುಣುಕು ಹೊರಗೆ ತೆಗೆದರು. ಅದು ಇಟ್ಟ ಹಾಗೆಯೇ ಇತ್ತು. ನಾನು ಚೊಂಬಿನಿಂದ ನೀರು ಕುಡಿಸಲು ಬಗ್ಗಿದೆ.

"ನೀರು ಬ್ಯಾಡ! ನೆತ್ತಿಗೇರತೈತಿ. ಸುಮ್ಕ ತಲಿ ಹಿಡಿ."

ಬೆರಳಿನ ತುದಿಯನ್ನು ಒದ್ದೆ ಮಾಡಿ, ಸಕ್ಕರೆ ಹತ್ತಿಸಿ, ಕೆನ್ನೆಗೂ ಒಸಡಿಗೂ ನಡುವೆ ತಿಕ್ಕಿದರು. ಮತ್ತೆ ಅದ್ದಿದರು, ಮತ್ತೆ ತಿಕ್ಕಿದರು. ನಾನು ತಲೆ ಹಿಡಿದುಕೊಂಡು ಕೂತಿದ್ದೆ. ಮಾಡುವುದಕ್ಕೆ ಬೇರೇನೂ ಇರಲಿಲ್ಲ, ಹಾಗಾಗಿ ತಲೆಯೊಳಗೆ ಪಾಠ ಓಡುತ್ತಿತ್ತು. ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕ. ಸಕ್ಕರೆ ಅಂದರೆ ಎರಡೇ ಕಣಗಳ ಜೋಡಿ, ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ಒಂದು ಕಡೆ ಕೈ ಬಿಡಿಸಿದರೆ ಮುಗಿಯಿತು. ರೊಟ್ಟಿಯದು ಸಾವಿರ ಕಣಗಳ ಸಾಲು. ಅದನ್ನು ಅಗಿಯಬೇಕು, ನುಂಗಬೇಕು, ಕರುಳು ಒಂದೊಂದೇ ತುಂಡು ಮಾಡಬೇಕು. ರೊಟ್ಟಿಯೂ ಸಕ್ಕರೆಯೇ ಎಂದು ಹೇಳಿದ್ದು ಸುಳ್ಳಲ್ಲ. ಕರಿಹಲಗೆಯ ಮೇಲೆ ನಾನು ಬರೆಯುವ ಸಮೀಕರಣದಲ್ಲಿ ಒಂದು ಬಾಣ ಇರುತ್ತದೆ, ಈ ಕಡೆ ಪಿಷ್ಟ, ಆ ಕಡೆ ಗ್ಲೂಕೋಸ್. ಆ ಬಾಣ ಎಷ್ಟು ಉದ್ದ ಎಂದು ಹದಿನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಎಷ್ಟು ಹೊತ್ತು ಹೀಗೆ ಕೂತೆವು? ನನ್ನ ಪ್ರಕಾರ ಅರ್ಧ ತಾಸು. ಫೋನಿನಲ್ಲಿ ಗಂಡನಿಗೆ ಮಾಡಿದ ಕರೆಯ ವೇಳೆ, ಕೊನೆಗೆ ಒಂದು ಕೈಯಲ್ಲಿ ತಲೆ ಹಿಡಿದುಕೊಂಡೇ ನಾನು ಆಟೋದವನಿಗೆ ಮಾಡಿದ ಕರೆಯ ವೇಳೆ ಎರಡೂ ಇವೆ. ನಡುವೆ ಒಂಬತ್ತು ನಿಮಿಷ. ನಾನು ಫೋನನ್ನು ನಂಬುತ್ತೇನೆ. ಆದರೂ ಅದು ಅರ್ಧ ತಾಸು.

ಆಟೋ ಬರುವ ಮುಂಚೆ ಅತ್ತೆಯ ನಾಲಿಗೆ ಅಲುಗಿತು. ಬೆರಳನ್ನು ಚೀಪಿದರು. ಖಾಲಾ ಅಳುತ್ತ ಬೈದರು, "ಚೀಪು, ಮುದುಕಿ, ಚೀಪು. ಆಡಿಗೆ ರೊಟ್ಟಿ ಹಾಕಾಕ ಬರತೈತಿ, ನಿನಗ ಉಣ್ಣಾಕ ಬರಂಗಿಲ್ಲ."

ಆಸ್ಪತ್ರೆಯಲ್ಲಿ ನರ್ಸ್ ಅಳೆದಾಗ ಸಂಖ್ಯೆ ಇನ್ನೂ ತೀರ ಕೆಳಗಿತ್ತು. ಆಕೆ ಅದನ್ನು ಜೋರಾಗಿ ಓದಲಿಲ್ಲ, ವೈದ್ಯರಿಗೆ ತಿರುಗಿಸಿ ತೋರಿಸಿದಳು. ಸೂಜಿಯ ಮೂಲಕ ಗ್ಲೂಕೋಸ್ ನೇರ ರಕ್ತಕ್ಕೆ ಹೋಯಿತು. ಜೋಡಿಯೂ ಇಲ್ಲ, ಸಾಲೂ ಇಲ್ಲ, ಬಿಡಿ ಕಣ. ಸ್ವಲ್ಪ ಹೊತ್ತಿನಲ್ಲಿ ಅತ್ತೆ ಕಣ್ಣು ತೆರೆದು, ಸುತ್ತ ನೋಡಿ, ಮೊದಲು ಕೇಳಿದ್ದು: "ಕಾಯಿ ತಗದಿಟ್ಟೀಯೇನು? ಆಡು ಬಂದೀತು."

*

ಸಂಜೆ ಗಂಡನಿಗೆ ಹೇಳಿದೆ, ವೈದ್ಯರು ಹೀಗೆ ಆಗಬಹುದು ಎಂದು ಹೇಳಬೇಕಿತ್ತು ಎಂದು.

ಅವನು ನನ್ನ ಕಡೆ ತಿರುಗಿದ. "ಹೇಳಿದ್ರಲ್ಲ. ಬೆವತ್ರ, ನಡುಗಿದ್ರ, ಲಗೂನ ಸಕ್ಕರಿ ಹಾಕ್ರಿ ಅಂದ್ರು. ಎರಡು ಸಲ ಅಂದ್ರು."

"ನಾ ಕೇಳಿಲ್ಲ."

"ಕೇಳೀದಿ. 'ನನಗ ಗೊತ್ತೈತ್ರಿ, ನಾ ಕೆಮಿಸ್ಟ್ರಿ ಲೆಕ್ಚರರ್' ಅಂತನೂ ಅವರಿಗೆ ಅಂದಿ."

ಆ ಮಾತು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ಎಷ್ಟು ಹುಡುಕಿದರೂ ಆ ಕೋಣೆಯಲ್ಲಿ ಮೂತ್ರಪಿಂಡದ ಮಾದರಿ ಇದೆ, ಫೋನಿನ ಗಂಟೆ ಇದೆ, ನನ್ನ ದನಿ ಇಲ್ಲ. ಆದರೆ ಆ ವಾಕ್ಯ ನನ್ನದೇ. ನಾನು ಹಾಗೆಯೇ ಮಾತಾಡುವವಳು. ಹಾಗಾಗಿ, ನನಗೆ ನೆನಪಿಲ್ಲದಿದ್ದರೂ, ಅದನ್ನು ಹೇಳಿದವಳು ನಾನೇ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆಗೂ ಆ ಮುಂಜಾನೆಯ ನೆನಪಿಲ್ಲ. ಅವರ ಕಾರಣ ನನಗಿಂತ ಪ್ರಾಮಾಣಿಕವಾದದ್ದು. ಮಿದುಳಿನ ಮುಖ್ಯ ಆಹಾರ ಗ್ಲೂಕೋಸ್. ಅದು ಬರುವುದು ನಿಂತರೆ ಮಿದುಳು ನೆನಪು ಬರೆದುಕೊಳ್ಳುವುದನ್ನೂ ನಿಲ್ಲಿಸುತ್ತದೆ. ತಟ್ಟೆ ಬೋರಲು ಹಾಕಿದ್ದು ಅವರಿಗೆ ಗೊತ್ತು, ಆಮೇಲೆ ಆಸ್ಪತ್ರೆಯ ಫ್ಯಾನ್. ನಡುವೆ ಏನಾಯಿತೆಂದು ಹೇಳಬಲ್ಲವಳು ನಾನೊಬ್ಬಳೇ. ಒಂದು ಸಲವೂ ಕೇಳಲಿಲ್ಲ, ಸುಮ್ಮನೆ ವಾಲಿದರು ಎಂದರೆ ಇಲ್ಲವೆನ್ನುವವರು ಯಾರೂ ಇರಲಿಲ್ಲ. ಒಂದು ವಾರ ನಾನು ಹಾಗೆಯೇ ಹೇಳಿಕೊಂಡು ಓಡಾಡಿದೆ. ಗಂಡನಿಗೆ, ಖಾಲಾಗೆ, ನೋಡಲು ಬಂದವರಿಗೆ.

ಮುಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಗುಳಿಗೆ ಹಿಡಿದು ಅವರ ಮುಂದೆ ನಿಂತೆ. ಊಟ ಮಾಡದ ದಿನ ಗುಳಿಗೆ ಕೊಡಬೇಡಿ ಎಂದು ಈ ಸಲ ವೈದ್ಯರು ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದೆ. ಸಕ್ಕರೆ ಡಬ್ಬಿ ಅಡುಗೆ ಮನೆಯ ಗೋಡೆಯ ಮಾಡದಲ್ಲಿ ತನ್ನ ಜಾಗಕ್ಕೆ ಮರಳಿತ್ತು.

"ಅತ್ತಿಯವ್ರ, ಇವತ್ತ ಉಣ್ಣತೀರೋ ಇಲ್ಲೋ? ಖರೇ ಹೇಳ್ರಿ."

ಅತ್ತೆ ಸೆರಗು ಸರಿಮಾಡಿಕೊಂಡು ಕೂತೇ ಇದ್ದರು. ಆಗ ನನಗೆ ತಿಳಿಯಿತು, ಖರೇ ಕೇಳುವವಳು ಮೊದಲು ಹೇಳಬೇಕು.

"ಅವತ್ತ ನೀವು ಮೂರು ಸಲ ಬೆಲ್ಲ ಕೇಳಿದ್ರಿ. ಮೂರು ಸಲಾನೂ ನಾ ಕೊಡಲಿಲ್ಲ. ಯಾರಿಗೂ ಹೇಳಿಲ್ಲ ನಾ."

ಗೋಡೆಯಾಚೆ ಆಡು ಕೂಗಿತು. ಅತ್ತೆ ನನ್ನ ಮುಖವನ್ನು, ಕಾಯಿ ಆರಿಸುವಾಗ ನೋಡುವ ಹಾಗೆ, ಈ ಕಡೆ ಆ ಕಡೆ ನೋಡಿದರು.

"ಮೂರು ಸಲ? ಸುಳ್ಳ. ನಾ ಒಮ್ಮೆ ಕೇಳ್ತೇನಿ. ಕೊಡಲಿಲ್ಲಂದ್ರ ಕದೀತೇನಿ."

ಅವರ ದನಿಯಲ್ಲಿ ನಗು ಇತ್ತೋ ಇಲ್ಲವೋ. ನಾನು ಇನ್ನೂ ಗುಳಿಗೆ ಹಿಡಿದುಕೊಂಡೇ ನಿಂತಿದ್ದೆ. ಅಂಗೈಯ ಬೆವರಿಗೆ ಅದರ ಬಣ್ಣ ಬಿಡುತ್ತಿತ್ತು.

"ಇಲ್ಲ," ಎಂದರು ಕೊನೆಗೆ. "ಇವತ್ತ ಉಣ್ಣಂಗಿಲ್ಲ."

ಗುಳಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸಕ್ಕರೆ ಅಳೆಯುವ ಯಂತ್ರ ತಂದು, ಅವರ ಪಕ್ಕದಲ್ಲಿ ಕೂತು ಕೈ ಚಾಚಿದೆ. ಸೋಮವಾರವಾದರೂ ಬೆರಳು ಕೊಟ್ಟರು.